ಹಡಗಿಗೆ ಕರೆಂಟು ಕೊಡಿ, ಹೊಗೆಯ ಲೆಕ್ಕವನ್ನೂ ಕೊಡಿ



ಬಂದರಿನಲ್ಲಿ ಹಡಗು ನಿಂತರೂ ಅದರ ಹೊಟ್ಟೆ ನಿಲ್ಲುವುದಿಲ್ಲ. ದೀಪಕ್ಕೆ, ಪಂಪಿಗೆ, ಮೀನು ಮಾಂಸ ತುಂಬಿದ ತಣ್ಣನೆಯ ಕಂಟೇನರುಗಳಿಗೆ ಕರೆಂಟು ಬೇಕು. ಅದಕ್ಕಾಗಿ ಒಳಗಿನ ಜನರೇಟರು ಹಗಲೂ ರಾತ್ರಿ ಎಣ್ಣೆ ಸುಡುತ್ತದೆ. ಆ ಹೊಗೆ ಕುಡಿಯುವವರು ಯಾರು? ಹಡಗಿನ ಧಣಿಯಲ್ಲ. ಪಣಂಬೂರಿನಲ್ಲಿ ಮೂಟೆ ಹೊರುವವರು, ಲಾರಿಯಲ್ಲೇ ಮಲಗುವವರು, ಬೈಕಂಪಾಡಿಯ ಬಾಡಿಗೆ ಕೋಣೆಗಳವರು. 1975ರಲ್ಲಿ ಉದ್ಘಾಟನೆಯಾದ ನವಮಂಗಳೂರು ಬಂದರಿಗಾಗಿ ಮನೆಮಾರು ಬಿಟ್ಟವರ ಮಕ್ಕಳು ಮೊಮ್ಮಕ್ಕಳು.

ಇದಕ್ಕೊಂದು ದಾರಿ ಉಂಟು. ದಡದಿಂದಲೇ ಕೇಬಲ್ ಎಳೆದು ಹಡಗಿಗೆ ಕರೆಂಟು ಕೊಟ್ಟು, ಜನರೇಟರು ನಿಲ್ಲಿಸುವುದು. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ‘ಹರಿತ್ ಸಾಗರ್’ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಯುರೋಪಿನ ಮುಖ್ಯ ಬಂದರುಗಳಲ್ಲಿ ಕಂಟೇನರ್ ಹಡಗುಗಳಿಗೆ 2030ರಿಂದ ಇದು ಕಡ್ಡಾಯ. ನಮ್ಮ ವಿರೋಧವಿಲ್ಲ. ಬೇಡ ಎನ್ನುವವರು ದಕ್ಕೆಯಲ್ಲಿ ಒಂದು ರಾತ್ರಿ ಮಲಗಿ ಬರಲಿ.

ಆದರೆ ನಾವು ಬೆಳ್ಳಾರೆಯವರು. ಕರೆಂಟಿನ ಮಾತು ಬಂದರೆ ಸುಮ್ಮನಿರಲಿಕ್ಕೆ ಆಗುವುದಿಲ್ಲ ಮಾರಾಯ್ರೆ. ನಾಲ್ಕು ಹನಿ ಮಳೆ ಬಿದ್ದರೆ ನಮ್ಮ ಕಾಲೊನಿಯ ಬಲ್ಬು ಕಣ್ಣು ಮುಚ್ಚುತ್ತದೆ. ಹೆಬ್ಬೆಟ್ಟು ಒತ್ತುವ ಅಪ್ಪಂದಿರ ಮಕ್ಕಳು ನಾವು, ಮೊಬೈಲಿನ ಬೆಳಕಿನಲ್ಲಿ ಡಿಗ್ರಿ ಓದಿದೆವು. 2023ರಲ್ಲಿ ಗೃಹಜ್ಯೋತಿ ಬಂತು, ಬಿಲ್ಲು ಸೊನ್ನೆಯಾಯಿತು. ಕರೆಂಟಿಲ್ಲದ ರಾತ್ರಿಗೂ ಬಿಲ್ಲು ಸೊನ್ನೆಯೇ ಅಲ್ಲವೇ?

2016ರಲ್ಲಿ ನಮ್ಮೂರಿನವರೊಬ್ಬರು ಕರೆಂಟಿಲ್ಲವೆಂದು ಆಗಿನ ಇಂಧನ ಸಚಿವರಿಗೆ ಫೋನು ಮಾಡಿದರು. ಮಾತಿಗೆ ಮಾತು ಬೆಳೆಯಿತು, ಕೇಸಾಯಿತು, ಪೊಲೀಸರು ಹಿಡಿದುಕೊಂಡು ಹೋದರು. ಆಡಿದ ಮಾತಿನ ಸರಿತಪ್ಪು ಕೋರ್ಟಿಗೆ ಬಿಡೋಣ. ಕೇಳಿದ ಕರೆಂಟಿನ ಕೇಸು ಯಾವ ಕೋರ್ಟಿನಲ್ಲಿ ಉಂಟು?

ಈಗ ಹಡಗಿನ ಉಪಚಾರ ನೋಡಿ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಮಿಡಿಯುತ್ತದೆ. ಹೆಚ್ಚಿನ ಹಡಗುಗಳಿಗೆ 60 ಬೇಕು. ಆ ಹತ್ತರ ವ್ಯತ್ಯಾಸಕ್ಕಾಗಿ ದಡದಲ್ಲಿ ದೊಡ್ಡ ಯಂತ್ರವನ್ನೇ ಕೂರಿಸಬೇಕು. ಪರದೇಶದ ಹಡಗಿನ ನಾಡಿ ಹಿಡಿದು ಕರೆಂಟನ್ನೇ ಬದಲಿಸಲು ಹೊರಟವರಿಗೆ ಕಾಲೊನಿಯ ತಂತಿಗೆ ತಾಗಿದ ಕೊಂಬೆ ಕಡಿಸಲಿಕ್ಕೆ ಆಗುವುದಿಲ್ಲವೇ?

ಇನ್ನೊಂದು ಪ್ರಶ್ನೆ. ದಡದ ಕರೆಂಟು ಬರುವುದೆಲ್ಲಿಂದ? ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ 1200 ಮೆಗಾವ್ಯಾಟಿನ ಉಷ್ಣ ಸ್ಥಾವರ ಉಂಟು. ಅದು ಸುಡುವ ವಿದೇಶಿ ಕಲ್ಲಿದ್ದಲು ಇಳಿಯುವುದು ಇದೇ ಪಣಂಬೂರಿನಲ್ಲಿ. ಹಡಗಿನಿಂದ ಇಳಿದ ಕಲ್ಲಿದ್ದಲು ಎಲ್ಲೂರಿನಲ್ಲಿ ಸುಟ್ಟು, ಕರೆಂಟಾಗಿ ಮತ್ತೆ ಹಡಗು ಹತ್ತಿದರೆ ಹೊಗೆ ಹೋದದ್ದೆಲ್ಲಿಗೆ? ಒಬ್ಬ ಬಡವನ ಎದೆಯಿಂದ ಇನ್ನೊಬ್ಬ ಬಡವನ ಎದೆಗೆ. ಚಿಮಣಿ ಎತ್ತರ ಉಂಟು ಎನ್ನುತ್ತಾರೆ. ಎತ್ತರದಿಂದ ಬಿದ್ದರೆ ಬೂದಿ ಹೂವಾಗುತ್ತದೆಯೇ ಸ್ವಾಮಿ?

ಆದ್ದರಿಂದ ನಾವು ಹೇಳುವುದಿಷ್ಟು. ಹಡಗಿಗೆ ಕರೆಂಟು ಕೊಡಿ. ಬಿಸಿಲಿನದ್ದು, ಗಾಳಿಯದ್ದು ಕೊಡಿ. ಪೂರ್ತಿ ಬೆಲೆ ಹಡಗಿನ ಧಣಿಯಿಂದ ವಸೂಲು ಮಾಡಿ, ನಮ್ಮ ತಲೆಗೆ ಕಟ್ಟಬೇಡಿ. ಪಣಂಬೂರಿನ ಗಾಳಿ, ಎಲ್ಲೂರಿನ ಗಾಳಿ ಎರಡನ್ನೂ ಅಳೆದು, ಕನ್ನಡದಲ್ಲಿ ಬರೆದು, ಪಂಚಾಯತಿಯ ಗೋಡೆಗೆ ಅಂಟಿಸಿ. ಹಡಗಿಗೆ ತಪ್ಪದ ಕರೆಂಟು ಕಾಲೊನಿಗೂ ತಪ್ಪದಿರಲಿ.

1837ರಲ್ಲಿ ಇದೇ ಬೆಳ್ಳಾರೆಯಲ್ಲಿ ಕಂಪನಿ ಸರ್ಕಾರದ ಖಜಾನೆ ಹಿಡಿದ ರೈತರು ಮಂಗಳೂರಿಗೆ ನಡೆದರು. ಆ ದಾರಿ ಇನ್ನೂ ಉಂಟು. ನಾವು ಕೇಳುತ್ತಿರುವುದು ಖಜಾನೆಯಲ್ಲ, ಲೆಕ್ಕ.