ಬಂಡಿದಾರಿ ಹರಗಿದವರು

ಬೇವೂರಿನ ನನ್ನ ಝೆರಾಕ್ಸ್ ಅಂಗಡಿಗೆ ಮೊನ್ನೆ ಕಾಕಾ ಒಬ್ಬರು ಬಂದರು. ಮನೆಮಂದಿಯ ಹೆಸರಲ್ಲಿ ಹಾಕಿದ ನಾಲ್ಕು ಅರ್ಜಿ ಎಲ್ಲಿಗೆ ಬಂದಿವೆ ನೋಡಬೇಕಿತ್ತು. ಲಾಗಿನ್ ಆಗಲು ಓಟಿಪಿ ಬೇಕು. ಓಟಿಪಿ ಹೋಗುವುದು ಮಗನ ಫೋನಿಗೆ. ಮಗ ಇರುವುದು ಮಂಗಳೂರಲ್ಲಿ, ಸ್ಲ್ಯಾಬ್ ಹಾಕುವ ಕೆಲಸದಲ್ಲಿ. ಮೂರನೇ ಸಲಕ್ಕೆ ಫೋನ್ ಎತ್ತಿದ, ಆರು ಅಂಕಿ ಹೇಳಿದ. ಕ್ಯಾಪ್ಚಾ ತುಂಬಿದೆ. ಪಟ್ಟಿ ಬಂತು: ನಾಲ್ಕು ಸಾಲು, ಪ್ರತಿ ಸಾಲಿನ ಕೊನೆಗೆ ನೀಲಿ ಅಕ್ಷರದಲ್ಲಿ 'ವಿವರ'.

ಎಡಗೈ ಕಿರುಬೆರಳು ತಾನಾಗಿಯೇ ಕಂಟ್ರೋಲ್ ಕೀ ಮೇಲೆ ಕೂತಿತು. ಅದನ್ನು ಹಿಡಿದು ಲಿಂಕ್ ಒತ್ತಿದರೆ ಹೊಸ ಟ್ಯಾಬ್ ತೆರೆಯಬೇಕು, ಪಟ್ಟಿ ಇದ್ದಲ್ಲೇ ಇರಬೇಕು. ದಿನಾ ನೂರು ಸಲ ಮಾಡುವ ಕೆಲಸ. ಒತ್ತಿದೆ. ಹೊಸ ಟ್ಯಾಬ್ ಬರಲಿಲ್ಲ. ಪಟ್ಟಿಯೇ ಹಾರಿಹೋಗಿ ಆ ಜಾಗದಲ್ಲಿ ಮೊದಲ ಅರ್ಜಿ ಬಂದು ಕೂತಿತು. ಹಿಂದಿನ ಪುಟಕ್ಕೆ ಹೋಗೋಣವೆಂದರೆ ಸೆಷನ್ ಮುಗಿದಿದೆ, ಮತ್ತೆ ಲಾಗಿನ್ ಆಗಿ ಅಂತು.

"ಏನಾತೋ ತಮ್ಮಾ?"

"ಮತ್ತ ಮೊದಲಿಂದ ಮಾಡಬೇಕ್ರಿ ಕಾಕಾ. ಮಗಗ ಇನ್ನೊಮ್ಮೆ ಫೋನ್ ಹಚ್ರಿ."

ಕಾಕಾ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೆ ಇವನಿಗೆ ಕಂಪ್ಯೂಟರ್ ನೆಟ್ಟಗೆ ಬರೂದಿಲ್ಲ ಅನ್ನುವುದು ಅವರ ಮುಖದ ಮೇಲೇ ಇತ್ತು. ಯಾರೋ ಮಾಡಿದ ಹೊಲಸಿಗೆ ಮುಖ ಕೊಡುವವನು ನಾನು.

ನಮ್ಮ ಕಡೆ ಊರ ನಕಾಶೆಯಲ್ಲಿ ಬಂಡಿದಾರಿಗೆ ಚುಕ್ಕಿಗೆರೆ ಇರುತ್ತದೆ. ದಾರಿ ಯಾರ ಹೊಲದ ನಡುವೆ ಹಾದರೂ ಅದು ಎಲ್ಲರದು. ಆದರೂ ಮುಂಗಾರು ಬಂತೆಂದರೆ ಒಬ್ಬನಾದರೂ ಅದನ್ನು ಹರಗಿ ಬಿತ್ತಿಬಿಡುತ್ತಾನೆ. ವೆಬ್‌ಸೈಟು ಕಟ್ಟುವ ಮಂದಿ ಈಗ ಮಾಡುತ್ತಿರುವುದು ಅದನ್ನೇ.

1991ರಲ್ಲಿ ಟಿಮ್ ಬರ್ನರ್ಸ್-ಲೀ ವೆಬ್ಬನ್ನು ಲೋಕಕ್ಕೆ ಬಿಟ್ಟುಕೊಟ್ಟಾಗಲೇ ಲಿಂಕಿನ ಒಳಗೆ ಒಂದು ವಿಳಾಸ ಇತ್ತು. ವಿಳಾಸ ಇರುವುದರಿಂದಲೇ ಅದನ್ನು ಇಲ್ಲೇ ತೆರೆಯಬಹುದು, ಪಕ್ಕದಲ್ಲಿ ತೆರೆಯಬಹುದು, ವಾಟ್ಸಾಪಿನಲ್ಲಿ ಯಾರಿಗಾದರೂ ಕಳಿಸಬಹುದು. ಹೇಗೆ ಹೋಗಬೇಕೆಂಬುದು ಹೋಗುವವನಿಗೆ ಬಿಟ್ಟದ್ದು. 2004ರಲ್ಲಿ ಬಂದ ಫೈರ್‌ಫಾಕ್ಸ್‌ನಲ್ಲಿ ಟ್ಯಾಬ್ ಇತ್ತು, 2006ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೂ ಬಂತು. ಇಪ್ಪತ್ತು ವರ್ಷ ಬೆರಳಿಗೆ ಹತ್ತಿದ ರೂಢಿ ಇದು.

ಇದನ್ನು ಕೆಡಿಸುವವರಲ್ಲಿ ಎರಡು ಜಾತಿ. ಒಬ್ಬ ವಿಳಾಸವನ್ನೇ ಕಿತ್ತುಹಾಕುತ್ತಾನೆ. ಹಳೆಯ ಎಎಸ್‌ಪಿ ಡಾಟ್ ನೆಟ್ ಸೈಟಿನ ಲಿಂಕಿನ ಮೇಲೆ ಮೌಸ್ ಇಟ್ಟು ಪರದೆಯ ತಳ ನೋಡಿ: ವಿಳಾಸದ ಬದಲು 'ಜಾವಾಸ್ಕ್ರಿಪ್ಟ್: ಡುಪೋಸ್ಟ್‌ಬ್ಯಾಕ್' ಅಂತೇನೋ ಕಾಣುತ್ತದೆ. ಹೊಸ ಟ್ಯಾಬಿನಲ್ಲಿ ತೆರೆದರೆ ಬರಿದೇ ಬಿಳಿ ಪುಟ. ಇನ್ನೊಬ್ಬ ವಿಳಾಸ ಇಟ್ಟಿರುತ್ತಾನೆ, ಆದರೆ ನಮ್ಮ ಕ್ಲಿಕ್ಕನ್ನು ನಡುದಾರಿಯಲ್ಲಿ ಹಿಡಿದು, ಬ್ರೌಸರ್ ಮಾಡಬೇಕಾದ ಕೆಲಸ ನಿಲ್ಲಿಸಿ, ತನ್ನ ಪುಟ ತಂದು ಎದುರಿಗಿಡುತ್ತಾನೆ. ಒತ್ತಿದವನು ಕಂಟ್ರೋಲ್ ಹಿಡಿದಿದ್ದನೇ ಎಂಬುದನ್ನು ಬ್ರೌಸರ್ ಪ್ರತಿ ಕ್ಲಿಕ್ಕಿನ ಜೊತೆಗೂ ಸೈಟು ಕಟ್ಟಿದವನಿಗೆ ಹೇಳಿಯೇ ಇರುತ್ತದೆ. ಕೇಳಿಸಿಕೊಳ್ಳಲು ಒಂದು ಸಾಲು ಕೋಡ್ ಸಾಕು. ರಿಯಾಕ್ಟ್ ರೌಟರ್‌ನಂಥ ಸಿದ್ಧ ಸಲಕರಣೆಯ ಲಿಂಕ್ ಬಳಸಿದರೆ ಆ ಸಾಲನ್ನೂ ಬರೆಯಬೇಕಾಗಿಲ್ಲ. ಕಷ್ಟದ ಕೆಲಸವಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಇದು ಬರೀ ಉಡಾಫೆ.

ಕಣ್ಣು ಕಾಣದವರ ಪಾಡು ಇನ್ನೂ ಕಷ್ಟ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯನ್ನು ಓದಿ ಹೇಳುತ್ತದೆ; ಅದರಲ್ಲಿ 'ಕೆ' ಒತ್ತಿದರೆ ಮುಂದಿನ ಲಿಂಕಿಗೆ ಹೋಗುತ್ತದೆ. ಬರೀ ಡಬ್ಬಿಗೆ ನೀಲಿ ಬಣ್ಣ ಬಳಿದು ಲಿಂಕ್ ಅಂತ ನಿಲ್ಲಿಸಿದರೆ ಅದಕ್ಕೆ ಅದು ಲಿಂಕೇ ಅಲ್ಲ, ದಾಟಿ ಹೋಗುತ್ತದೆ.

ಕೇಳಿದರೆ ಸೆಕ್ಯುರಿಟಿ ಅನ್ನುತ್ತಾರೆ. ಯಾರು ಏನು ನೋಡಬಹುದೆಂದು ಕಾಯಬೇಕಾದ್ದು ಸರ್ವರ್. ರೈಟ್ ಕ್ಲಿಕ್ ಕಟ್ಟಿಹಾಕಿ ಯಾವ ಕಳ್ಳನನ್ನೂ ಹಿಡಿದವರಿಲ್ಲ. ಮೇಲೆ 'ಬ್ಯಾಕ್ ಬಟನ್ ಒತ್ತಬೇಡಿ' ಅಂತ ಒಂದು ಫಲಕ ಬೇರೆ. ದಾರಿ ಹರಗಿದವನೇ 'ಇಲ್ಲಿ ನಡೆಯಬೇಡಿ' ಅಂತ ಬೋರ್ಡ್ ನೆಟ್ಟಂಗೆ!

ಕೋಡ್ ಬರೆಯುವವನ ಮೇಜಿನ ಮೇಲೆ ಎರಡು ಮಾನಿಟರ್, ಓಡುವ ನೆಟ್, ಓಟಿಪಿ ಬರುವ ಫೋನ್ ಕೈಯಲ್ಲೇ. ಪುಟ ಹಾರಿಹೋದರೆ ಅವನಿಗೆ ಹೋಗುವುದು ಅರೆ ನಿಮಿಷ. ಬೇವೂರಿನಲ್ಲಿ ಅದರ ಬೆಲೆ ಅರ್ಧ ತಾಸು, ಒಂದು ಫೋನು, ಮಂಗಳೂರಿನಲ್ಲಿ ಮೇಸ್ತ್ರಿಯ ಬೈಗುಳ ತಿಂದು ಸ್ಲ್ಯಾಬಿನಿಂದ ಇಳಿದು ಬರುವ ಒಬ್ಬ ಹುಡುಗ.

ಎರಡನೇ ಅರ್ಜಿಯನ್ನೂ ಹೀಗೇ ಹೆಣಗಿ ನೋಡಿದೆವು. ಮೂರನೆಯದಕ್ಕೆ ಮಗ ಫೋನ್ ಎತ್ತಲಿಲ್ಲ. ಸೋಮವಾರ ಬರ್ತೀನಿ ಅಂತ ಕಾಕಾ ಎದ್ದು ಹೋದರು.

ಸೈಟು ಕಟ್ಟುವ ತಮ್ಮಂದಿರೇ, ತಂಗಿಯರೇ, ಜನರ ಕೈಗೆ ಕೊಡುವ ಮೊದಲು ಕಂಟ್ರೋಲ್ ಹಿಡಿದು ನಿಮ್ಮ ಲಿಂಕನ್ನು ನೀವೇ ಒಮ್ಮೆ ಒತ್ತಿ ನೋಡ್ರಿ.