ನಾಲ್ಕಡಿಯ ಜಲಾಂತರ್ಗಾಮಿ

ವಿರಾಮಕಾಲದ ಕೆಲಸಗಳಲ್ಲಿ ಎರಡು ಬಗೆಯುಂಟು. ಕೆಲವು ಕೈಗೆ ಮಾತ್ರ ಕೆಲಸ ಕೊಡುವುವು. ಕೆಲವು ಕೈಯ ಮೂಲಕ ಬುದ್ಧಿಗೂ, ಬುದ್ಧಿಯ ಮೂಲಕ ಹೃದಯಕ್ಕೂ ಕೆಲಸ ಕೊಡುವುವು. ಪೆಟ್ಟಿಗೆಯಲ್ಲಿ ಬಿಡಿಭಾಗಗಳಾಗಿ ಬರುವ ಜಲಾಂತರ್ಗಾಮಿಯ ಪ್ರತಿಕೃತಿಯನ್ನು ಕಟ್ಟುವುದು ಎರಡನೆಯ ಬಗೆಯದೆಂದು ನಮ್ಮ ಅಭಿಪ್ರಾಯ. ಮನೆಯ ಹಿರಿಯರು ಹಲವರು ಇದನ್ನು ಹುಡುಗಾಟವೆಂದೂ ಹಣದ ದುರ್ವ್ಯಯವೆಂದೂ ಭಾವಿಸುವುದುಂಟು. ಅಂಥವರ ಪರಾಮರ್ಶೆಗಾಗಿ ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕಾ ದೇಶದ ನೌಕಾಪಡೆಗಾಗಿ ‘ಗ್ಯಾಟೋ’ ಎಂಬ ವರ್ಗದ 77 ಜಲಾಂತರ್ಗಾಮಿಗಳು ನಿರ್ಮಿತವಾದುವು. ಇವುಗಳಿಗೆಲ್ಲ ಮೀನು ಮೊದಲಾದ ಜಲಚರಗಳ ಹೆಸರನ್ನಿಟ್ಟಿದ್ದರು. ಒಂದೊಂದರ ಉದ್ದವೂ 311 ಅಡಿ 9 ಅಂಗುಲ. ಅಗಲ 27 ಅಡಿಗಿಂತ ತುಸು ಹೆಚ್ಚು. ಇದರ 72ನೆಯ ಒಂದು ಪಾಲಿನ ಅಳತೆಯ ಪ್ರತಿಕೃತಿಯು ಪೆಟ್ಟಿಗೆಯಲ್ಲಿ ದೊರೆಯುವುದು. ಮಕ್ಕಳು ಇಲ್ಲಿ ತ್ರೈರಾಶಿಕವನ್ನು ಹಾಕಿ ನೋಡಲಿ. ಒಂದು ಅಡಿಯು ಅಂಗುಲದ ಆರನೆಯ ಒಂದು ಪಾಲಾಗುವುದು. ಆರಡಿಯ ಆಳು ಒಂದಂಗುಲವಾಗುವನು. ಹಡಗು ನಾಲ್ಕಡಿ ನಾಲ್ಕಂಗುಲವಾಗುವುದು. ನಿರಪಾಯವಾಗಿ ಇಳಿಯಬಹುದೆಂದು ಇದಕ್ಕೆ ಗೊತ್ತುಮಾಡಿದ್ದ ಆಳವು 300 ಅಡಿ, ಎಂದರೆ ಪ್ರತಿಕೃತಿಯ ಅಳತೆಯಲ್ಲಿ ನಾಲ್ಕಡಿ ಎರಡಂಗುಲ. ತನ್ನ ಉದ್ದದಷ್ಟೂ ಆಳಕ್ಕೆ ಆ ಹಡಗು ಇಳಿಯುವಂತಿರಲಿಲ್ಲ! ಅಷ್ಟರಲ್ಲಿಯೇ ಚದರಂಗುಲವೊಂದಕ್ಕೆ ಸುಮಾರು 130 ಪೌಂಡುಗಳ ಒತ್ತಡವು ಅದರ ಮೇಲೆ ಬೀಳುತ್ತಿದ್ದಿತು. ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದು ತೋರಿಸುವುದಕ್ಕಿಂತ, ನಾಲ್ಕಡಿಯ ಒಡಲನ್ನು ಮುಂದಿಟ್ಟು ತೋರಿಸಿದರೆ ಬಾಲಕರಿಗೆ ಬೇಗ ಮನವರಿಕೆಯಾಗುವುದು.

ಇನ್ನು ಕೆಲಸದ ಕಷ್ಟವನ್ನು ಹೇಳುವೆವು. ಭಾಗಗಳು ಬಹಳವಾಗಿರುವುದು ಕಷ್ಟವಲ್ಲ. ಒಡಲು ಉದ್ದವಾಗಿರುವುದೇ ಕಷ್ಟ. ಉದ್ದನೆಯ ಪ್ಲಾಸ್ಟಿಕ್ ತುಂಡು ಸ್ವಲ್ಪವಾದರೂ ತಿರುಚಿಕೊಂಡಿರುವುದು. ಆದಕಾರಣ ಮೊದಲು ಅಂಟಿಲ್ಲದೆ ಜೋಡಿಸಿ ನೋಡತಕ್ಕದ್ದು. ಬಳಿಕ ಒಳಗಡೆ ಅಡ್ಡಪಟ್ಟಿಗಳನ್ನು ಕೊಟ್ಟು, ಗೇಣು ಗೇಣಾಗಿ ಅಂಟಿಸುತ್ತ, ಒಂದು ಗೇಣು ಒಣಗಿದ ಮೇಲೆಯೇ ಮುಂದಿನದಕ್ಕೆ ಹೋಗತಕ್ಕದ್ದು. ಒಂದೇ ದಿನದಲ್ಲಿ ಮುಗಿಸಹೊರಟವನಿಗೆ ಹಡಗು ಬಾಳೆಯ ಕಾಯಿಯಂತೆ ಬಾಗಿ ನಿಲ್ಲುವುದು. ಸಂದಿಗೆ ಪುಟ್ಟಿಯನ್ನು ತುಂಬಿ, ಮರಳುಕಾಗದದಿಂದ ಉಜ್ಜಿ, ತೆಳುವಾಗಿ ಬಣ್ಣವನ್ನು ಬಳಿದು ನೋಡಿದರೆ ಉಳಿದ ದೋಷವೆಲ್ಲ ಎದ್ದು ಕಾಣುವುದು. ಮತ್ತೆ ತುಂಬಬೇಕು, ಮತ್ತೆ ಉಜ್ಜಬೇಕು.

ಇದಕ್ಕಿಂತಲೂ ತಾಳ್ಮೆಯನ್ನು ಪರೀಕ್ಷಿಸುವುವು ಪಕ್ಕಗಳಲ್ಲಿರುವ ರಂಧ್ರಗಳು. ಜಲಾಂತರ್ಗಾಮಿಯಲ್ಲಿ ಜನರಿರುವುದು ಒಳಗಿನ ಗಟ್ಟಿಯಾದ ಉಕ್ಕಿನ ಕೊಳವೆಯಲ್ಲಿ. ಮೇಲೆ ಕಾಣುವ ಅಟ್ಟವೂ ಅದರ ಪಕ್ಕದ ತಗಡುಗಳೂ ಹೊದಿಕೆ ಮಾತ್ರ. ಹಡಗು ಮುಳುಗುವಾಗ ಆ ಹೊದಿಕೆಯೊಳಕ್ಕೆ ನೀರು ಥಟ್ಟನೆ ನುಗ್ಗಬೇಕು; ಎದ್ದಾಗ ಥಟ್ಟನೆ ಸುರಿದುಹೋಗಬೇಕು. ಗಾಳಿ ಸಿಕ್ಕಿಕೊಂಡರೆ ಮುಳುಗುವುದು ತಡವಾಗುವುದು; ಶತ್ರುವಿನ ವಿಮಾನವು ಮೇಲಿರುವಾಗ ಅರೆನಿಮಿಷದ ತಡವೂ ಪ್ರಾಣಾಂತಿಕವಾದುದು. ಅದಕ್ಕಾಗಿಯೇ ಸಾಲುಸಾಲಾಗಿ ಆ ರಂಧ್ರಗಳು. ಪ್ರತಿಕೃತಿಗಳಲ್ಲಿ ಇವು ಅನೇಕ ವೇಳೆ ಗುರುತುಗಳಾಗಿ ಮಾತ್ರ ಇರುವುವು. ಶ್ರದ್ಧೆಯುಳ್ಳವನು ಸಣ್ಣ ಬೈರಿಗೆಯನ್ನು ಹಿಡಿದು ಒಂದೊಂದನ್ನೂ ಕೊರೆಯುವನು. ಕಾರಣವನ್ನರಿತವನಿಗೆ ಇದು ಬೇಸರವಲ್ಲ, ಅರಿಯದವನಿಗೆ ಶಿಕ್ಷೆ.

ಬಣ್ಣ ಹಚ್ಚುವ ಮೊದಲು ಮತ್ತೊಂದು ಪ್ರಶ್ನೆಯುಂಟು: ಇದು ಯಾವ ಹಡಗು? ಯಾವ ವರ್ಷದ್ದು? 1942ರಲ್ಲಿ ಈ ಹಡಗುಗಳು ಕಪ್ಪಾಗಿದ್ದುವು. 1944ರ ವೇಳೆಗೆ ಬೂದುಬಣ್ಣಗಳು ಬಂದುವು. ದೂರದಿಂದ ಕಾಣದಂತೆ ನಡುವಣ ಗೋಪುರದ ಹೊದಿಕೆಯನ್ನೂ ವರ್ಷ ವರ್ಷಕ್ಕೆ ಕತ್ತರಿಸಿ ತಗ್ಗಿಸಿದರು. ಆದುದರಿಂದ ಕಟ್ಟುವವನು ಒಂದು ಹೆಸರನ್ನು ಆರಿಸಿಕೊಂಡು ಅದರ ಚರಿತ್ರೆಯನ್ನು ಓದಲೇಬೇಕಾಗುವುದು. ಕೈಕೆಲಸವು ಹೃದಯವನ್ನು ಮುಟ್ಟುವುದು ಇಲ್ಲಿಯೇ.

‘ಗ್ರನಿಯನ್’ ಎಂಬ ಹಡಗನ್ನು ಆರಿಸಿಕೊಂಡನೆನ್ನೋಣ. ಅದು 1942ರ ಏಪ್ರಿಲಿನಲ್ಲಿ ಸೇವೆಗೆ ಸೇರಿ, ಅದೇ ವರ್ಷದ ಜುಲೈ ಕೊನೆಯಲ್ಲಿ ಅಲ್ಯೂಷಿಯನ್ ದ್ವೀಪಗಳ ಬಳಿ, ಕಿಸ್ಕಾ ದ್ವೀಪದ ಸಮೀಪದಲ್ಲಿ, 70 ಮಂದಿಯೊಡನೆ ಕಾಣೆಯಾಯಿತು. ಅದರ ನಾಯಕನಾದ ಮ್ಯಾನರ್ಟ್ ಏಬಲಿ ಎಂಬಾತನಿಗೆ ಮೂವರು ಗಂಡುಮಕ್ಕಳು. ತಂದೆಯು ಎಲ್ಲಿ ಮಡಿದನೆಂಬುದನ್ನು ಅರಿಯದೆಯೇ ಅವರು ಬೆಳೆದರು, ಮುಪ್ಪನ್ನೂ ಮುಟ್ಟಿದರು. ಆದರೂ ಹುಡುಕುವುದನ್ನು ಬಿಡಲಿಲ್ಲ. ಅವರು ಕಳುಹಿಸಿದ ಶೋಧಕರಿಗೆ 2006ರಲ್ಲಿ ಸಮುದ್ರದ ತಳದಲ್ಲಿ ಒಂದು ಆಕೃತಿಯು ಗೋಚರಿಸಿತು. 2007ರಲ್ಲಿ ಅದರ ಚಿತ್ರಗಳು ದೊರೆತುವು. 2008ರಲ್ಲಿ ನೌಕಾಪಡೆಯು ಅದು ಗ್ರನಿಯನ್ನೇ ಎಂದು ಒಪ್ಪಿತು. ಅರುವತ್ತು ವರ್ಷಗಳಿಗೆ ಮೀರಿ ಮಕ್ಕಳು ಹೊತ್ತಿದ್ದ ಪಿತೃಋಣವು ಹೀಗೆ ತೀರಿತು.

ಆ ಯುದ್ಧದಲ್ಲಿ ಅಮೆರಿಕದ 52 ಜಲಾಂತರ್ಗಾಮಿಗಳು ನಷ್ಟವಾದುವು. ಅವುಗಳೊಡನೆ ಮೂರು ಸಾವಿರದ ಐದುನೂರಕ್ಕೂ ಮೇಲ್ಪಟ್ಟ ಜನರು ಹೋದರು. ಅವು ಮುಳುಗಿಸಿದ ಜಪಾನಿನ ಹಡಗುಗಳಲ್ಲಿಯೂ ಯಾರ ಯಾರದೋ ತಂದೆಗಳಿದ್ದರೆಂಬುದನ್ನು ಮರೆಯಲಾಗದು. ಯುದ್ಧನೌಕೆಯ ಪ್ರತಿಕೃತಿಯು ಮಕ್ಕಳಲ್ಲಿ ಯುದ್ಧದ ಮೋಹವನ್ನು ಬೆಳೆಸೀತೆಂದು ಶಂಕಿಸುವವರುಂಟು. ಹೊರಗಿನಿಂದ ನೋಡಿ ಆಡುವವನಿಗೆ ಆ ಭಯವಿರಬಹುದು. ಆದರೆ ತಿಂಗಳುಗಟ್ಟಲೆ ಕುಳಿತು, ಒಂದಂಗುಲದ ಮನುಷ್ಯನಿಗೆ ಆ ಕೊಳವೆಯಲ್ಲಿ ಎಷ್ಟು ಸ್ಥಳವೆಂದು ಅಳೆದು ನೋಡಿದವನಿಗೆ ಮೋಹವು ಉಳಿಯದು; ಮರುಕವು ಉಳಿಯುವುದು.

ಆದಕಾರಣ, ಗೃಹಸ್ಥರೇ, ನಿಮ್ಮ ಮನೆಯ ಹುಡುಗನೊಬ್ಬನು ಇಂಥ ಪೆಟ್ಟಿಗೆಯನ್ನು ಬಯಸಿದರೆ ಗದರಿಸಬೇಡಿರಿ. ಐದಡಿಯ ಮೇಜೊಂದನ್ನು ಗಾಳಿ ಬೆಳಕುಳ್ಳ ಮೂಲೆಯಲ್ಲಿ ಹಾಕಿಸಿಕೊಡಿರಿ; ಅಂಟಿನ ವಾಸನೆಗೆ ಕಿಟಕಿಯು ತೆರೆದಿರಲಿ. ಆದರೆ ಒಂದು ಕರಾರನ್ನು ಮಾಡಿರಿ: ಹಡಗು ಪೂರ್ಣವಾದ ಮೇಲೆ ಪೀಠದ ಫಲಕದಲ್ಲಿ ಅದರ ಹೆಸರನ್ನು ಮಾತ್ರವಲ್ಲದೆ, ಅದರಲ್ಲಿದ್ದ ಜನರ ಸಂಖ್ಯೆಯನ್ನೂ ಅವನು ಬರೆಯಬೇಕು.