ಬೆಟ್ಟದ ಮೇಲಿನ ಏಕವಚನ

ನಮ್ಮ ಟಿಳಕವಾಡಿಯ ಗೃಹಸ್ಥರಿಗೆ ಭಾನುವಾರದ ಬೆಳಗೆಂದರೆ ತಡವಾಗಿ ಏಳುವುದಕ್ಕೆ ದೊರೆತ ಪರವಾನಿಗೆ. ಇಂಥ ಪವಿತ್ರವಾದ ಗಳಿಗೆಯಲ್ಲಿ, ಹಾಲಿನವನು ಕೂಡ ಬಾರದಿರುವಾಗ, ಬೆನ್ನಿಗೊಂದು ಚೀಲ ಬಿಗಿದುಕೊಂಡು ಬೆಟ್ಟ ಹತ್ತಲು ಹೊರಡುವ ಮನುಷ್ಯನನ್ನು ಬೀದಿಯ ನಾಯಿಗಳೂ ಸಂದೇಹದಿಂದ ನೋಡುತ್ತವೆ. ಕಳೆದ ಆರು ವರ್ಷಗಳಿಂದ ಈ ಸಂದೇಹಕ್ಕೆ ಪಾತ್ರರಾದವರು ನಮ್ಮ ಓಣಿಯಲ್ಲಿ ಇಬ್ಬರು. ಒಬ್ಬನು ನಾನು, ಇನ್ನೊಬ್ಬರು ನೆರೆಮನೆಯವರು. ಅವರು ಬ್ಯಾಂಕಿನಲ್ಲಿ ಅಧಿಕಾರಿಗಳು, ನನಗಿಂತ ಹತ್ತು ವರ್ಷ ಹಿರಿಯರು, ಮನೆಮಾತು ಮರಾಠಿ. ಓಣಿಯಲ್ಲಿ ನಾನು ಅವರನ್ನು 'ತಾವು' ಎನ್ನುತ್ತೇನೆ. ಅವರು ನನ್ನನ್ನು 'ಸರ್' ಎನ್ನುತ್ತಾರೆ.

ಒಂದೊಂದು ಭಾನುವಾರ ನಮ್ಮ ಯಾತ್ರೆ ದಕ್ಷಿಣಕ್ಕೆ, ಎಳ್ಳೂರಿನ ರಾಜಹಂಸಗಡಕ್ಕೆ. ಆದರೆ ನಮ್ಮಿಬ್ಬರ ಮನಸ್ಸಿಗೆ ಹೆಚ್ಚು ಒಪ್ಪಿದ್ದು ಪಶ್ಚಿಮದ ವೈಜನಾಥ ಮತ್ತು ಮಹಿಪಾಳಗಡ. ವೆಂಗುರ್ಲಾ ರಸ್ತೆಯಲ್ಲಿ ಹಿಂಡಲಗೆ ದಾಟಿ ಬಾಚಿಯವರೆಗೆ ಹೋದರೆ ಅಲ್ಲಿಗೆ ಕರ್ನಾಟಕ ಮುಗಿಯಿತು, ಶಿನೋಳಿಯಿಂದ ಮಹಾರಾಷ್ಟ್ರ. ಅಲ್ಲಿಂದ ದೇವರವಾಡಿ, ಮೇಲೆ ಕರಿಗಲ್ಲಿನ ಹಳೆಯ ವೈಜನಾಥ ದೇವಾಲಯ, ಇನ್ನೂ ಮೇಲೆ, ಒಡಲಿನಲ್ಲಿ ಒಂದು ಊರನ್ನೇ ಇಟ್ಟುಕೊಂಡಿರುವ ಮಹಿಪಾಳಗಡದ ಕೋಟೆ. ಗಡಿ ಎಲ್ಲಿ ಎಂಬುದು ರಸ್ತೆಯ ಫಲಕಗಳಿಂದ ತಿಳಿಯಬೇಕೇ ಹೊರತು ಮುಳ್ಳುಕಂಟಿಗಳಿಂದ ತಿಳಿಯುವುದಿಲ್ಲ.

ಈ ಏರು ಮೊದಲಾಗುತ್ತಲೇ ಒಂದು ವ್ಯಾಕರಣ ಚಮತ್ಕಾರ ನಡೆಯುತ್ತದೆ. 'ತಾವು ಸ್ವಲ್ಪ ನಿಲ್ಲುವಿರಾ' ಎನ್ನುವುದಕ್ಕೆ ಬೇಕಾದಷ್ಟು ಉಸಿರು ಏರುದಾರಿಯಲ್ಲಿ ಯಾರಲ್ಲಿಯೂ ಇರುವುದಿಲ್ಲ. 'ನಿಲ್ಲು' ಎಂದರೆ ಸಾಕು. ಹೀಗೆ ಮೊದಲು ಕ್ರಿಯಾಪದದ ಬಹುವಚನ ಉದುರಿತು. ಬಳಿಕ 'ಸರ್' ಉದುರಿತು. ಎರಡನೆಯ ವರ್ಷದ ಹೊತ್ತಿಗೆ ಮೇಲೆ ನಾನು 'ನೀನು', ಅವನು 'ತೂ'. ಇಳಿದು ಶಿನೋಳಿಯಲ್ಲಿ ಬಸ್ಸು ಹತ್ತಿದೆವೋ, ಇಬ್ಬರೂ ಮತ್ತೆ ಬಹುವಚನದ ಕೋಟು ತೊಟ್ಟುಕೊಳ್ಳುತ್ತೇವೆ. ಈ ಲೇಖನದಲ್ಲಿಯೂ ನಾನು ಅದೇ ಪದ್ಧತಿಯನ್ನು ಅನುಸರಿಸುತ್ತಿದ್ದೇನೆ. ವಾಚಕರು ಇದನ್ನು ಅಚ್ಚಿನ ದೋಷವೆಂದು ತಿಳಿಯಬಾರದು.

ಇದು ನಮ್ಮಿಬ್ಬರದೇ ಅಧಿಕಪ್ರಸಂಗವೆಂದು ನಾನು ಭಾವಿಸಿದ್ದೆ. ಅಲ್ಲವೆಂದು ತಿಳಿಸಿದವನು ನನ್ನ ಹಳೆಯ ವಿದ್ಯಾರ್ಥಿ. ಈಗ ಮ್ಯೂನಿಕ್ ನಗರದಲ್ಲಿ ಇಂಜಿನಿಯರು. ಹೋದ ವರ್ಷ ದೀಪಾವಳಿಗೆ ಬಂದವನು ನಮ್ಮ ಮನೆಯ ಚಕ್ಕುಲಿ ತಿನ್ನುತ್ತ ತನ್ನ ಚಳಿಗಾಲದ ರಜೆಯ ಕಥೆಯನ್ನು ಹೇಳಿದ. ಆಲ್ಪ್ಸ್ ಪರ್ವತದ ಟಿರೋಲ್ ಸೀಮೆಗೆ ಸ್ಕೀಯಿಂಗ್ ಕಲಿಯಲು ಹೋಗಿದ್ದನಂತೆ. ಎರಡು ಉದ್ದನೆಯ ಪಟ್ಟಿಗಳನ್ನು ಕಾಲಿಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಈ ವಿದ್ಯೆಯಲ್ಲಿ ಮೊದಲ ದಿನ ಹನ್ನೊಂದು ಸಲ ಬಿದ್ದ. ನಾಲ್ಕು ವರ್ಷದ ಕೂಸುಗಳು ಅವನ ಪಕ್ಕದಲ್ಲಿ ಬಾಣದಂತೆ ಹಾದುಹೋದವು. ಹನ್ನೆರಡನೆಯ ಸಲ ಬೀಳುವುದಕ್ಕೆಂದು ಎಬ್ಬಿಸಿ ನಿಲ್ಲಿಸಿದವಳು ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಅವಳು ಅವನನ್ನು 'ದು' ಎಂದಳು.

ಜರ್ಮನ್ ಭಾಷೆಯಲ್ಲಿ 'ದು' ಎಂದರೆ ನೀನು, 'ಜೀ' ಎಂದರೆ ತಾವು. ಅಪರಿಚಿತರನ್ನು 'ಜೀ' ಎನ್ನಬೇಕೆಂದು ಕಷ್ಟಪಟ್ಟು ಕಲಿತಿದ್ದ ಹುಡುಗನಿಗೆ ಸಹಜವಾಗಿಯೇ ದಿಗಿಲಾಯಿತು. ಸಂಜೆ ಬೆಟ್ಟದ ಬಿಡಾರದಲ್ಲಿ ವಿಚಾರಿಸಿದಾಗ ಗುಟ್ಟು ತಿಳಿಯಿತು: ಅಲ್ಲಿ ಒಂದು ಎತ್ತರ ದಾಟಿದ ಮೇಲೆ ಎಲ್ಲರೂ ಎಲ್ಲರಿಗೂ 'ದು'. ವಕೀಲನಿಗೂ ಅಷ್ಟೆ, ಹಾಲು ಕರೆಯುವವನಿಗೂ ಅಷ್ಟೆ. ಆ ಎತ್ತರ ಎಷ್ಟೆಂಬುದರಲ್ಲಿ ಮಾತ್ರ ಅವರಲ್ಲಿ ಒಮ್ಮತವಿಲ್ಲ. ಸಾವಿರ ಮೀಟರೆಂದು ಕೆಲವರು, ಎರಡು ಸಾವಿರವೆಂದು ಕೆಲವರು. ಸಾವಿರವನ್ನೇ ಹಿಡಿದರೆ, ಸಮುದ್ರಮಟ್ಟದಿಂದ ಸುಮಾರು 2500 ಅಡಿ ಎತ್ತರದ ಬೆಳಗಾವಿಯಲ್ಲಿರುವ ನಾವು ಏಕವಚನದ ಮುಕ್ಕಾಲು ದಾರಿಯನ್ನು ಹಾಸಿಗೆಯಲ್ಲಿ ಮಲಗಿಯೇ ಕ್ರಮಿಸಿದ್ದೇವೆ!

ಆ ಬಿಡಾರಗಳ ವರ್ಣನೆ ಕೇಳಿ ನನಗೆ ಅಸೂಯೆಯಾಯಿತು. ಬೂಟುಗಳನ್ನು ಬಾಗಿಲಲ್ಲಿಯೇ ಬಿಟ್ಟು, ಅವರೇ ಇಟ್ಟಿರುವ ಚಪ್ಪಲಿ ಮೆಟ್ಟಿ ಒಳಗೆ ಹೋಗಬೇಕು. ಉದ್ದನೆಯ ಬೆಂಚುಗಳು, ಎಲ್ಲಿ ಜಾಗವಿದೆಯೋ ಅಲ್ಲಿ, ಯಾರ ಪಕ್ಕದಲ್ಲಾದರೂ ಕುಳಿತು ಸಾರು ಕುಡಿಯಬೇಕು. ಒಂದು ದೊಡ್ಡ ಪುಸ್ತಕದಲ್ಲಿ ಹೆಸರು ಬರೆದು, ನಾಳೆ ಯಾವ ದಾರಿ ಹಿಡಿಯುವೆನೆಂದೂ ಬರೆಯಬೇಕು. ತಲುಪಬೇಕಾದವನು ತಲುಪದಿದ್ದರೆ ಹುಡುಕುವವರಿಗೆ ಆ ಸಾಲೇ ಆಧಾರ.

ಪುಸ್ತಕದ ಮಾತಿಗೆ ಇನ್ನೊಂದು ಪುಸ್ತಕ ನೆನಪಾಗುತ್ತದೆ. ಷರ್ಲಾಕ್ ಹೋಮ್ಸನ ಸೃಷ್ಟಿಕರ್ತ ಕಾನನ್ ಡಾಯ್ಲ್ 1894ರ ಮಾರ್ಚಿಯಲ್ಲಿ ಬ್ರಾಂಗರ್ ಎಂಬ ಸ್ವಿಸ್ ಸೋದರರಿಬ್ಬರ ಜೊತೆಗೆ ಸ್ಕೀ ಕಟ್ಟಿಕೊಂಡು, ಡಾವೋಸಿನಿಂದ ಕಣಿವೆಯೊಂದನ್ನು ದಾಟಿ ಅರೋಸಾ ಎಂಬ ಊರಿಗೆ ಹೋದ. ಕಾಲಿಗಿಂತ ಹೆಚ್ಚಾಗಿ ಕುಳಿತುಕೊಳ್ಳುವ ಭಾಗದಿಂದಲೇ ಜಾರಿದ್ದರಿಂದ ಅವನ ಚಲ್ಲಣಕ್ಕೆ ಒದಗಿದ ಗತಿಯನ್ನು ಅವನೇ ಬರೆದುಕೊಂಡಿದ್ದಾನೆ. ಅರೋಸಾದ ಹೋಟೆಲಿನ ಪುಸ್ತಕದಲ್ಲಿ ಅವನ ಪರವಾಗಿ ಬ್ರಾಂಗರನೇ ವಿವರ ತುಂಬಿದ. ಉದ್ಯೋಗದ ಎದುರು ಬರೆದದ್ದು ಕಥೆಗಾರನೆಂದಲ್ಲ, ವೈದ್ಯನೆಂದೂ ಅಲ್ಲ, ಕ್ರೀಡಾಪಟು ಎಂದು. ಲೋಕಪ್ರಸಿದ್ಧನಾದ ಲೇಖಕನಿಗೆ ಅದರಿಂದ ಸಂತೋಷವೇ ಆಯಿತು.

ಗಡಿಯ ವಿಷಯದಲ್ಲಿಯೂ ಅವರು ನಮಗೆ ಬಂಧುಗಳೇ. ಸ್ವಿಟ್ಜರ್ಲೆಂಡಿನ ಜೆರ್ಮಾಟ್‌ನಲ್ಲಿ ಬೆಳಗಿನ ತಿಂಡಿ ತಿಂದು ಸ್ಕೀ ಕಟ್ಟಿದವರು ಇಟಲಿಯ ಚೆರ್ವೀನಿಯಾದಲ್ಲಿ ಊಟ ಮಾಡಬಹುದು. ಆ ಗಡಿಯ ಮೇಲೆಯೇ ಒಂದು ಬಿಡಾರವಿದೆ. 1984ರಲ್ಲಿ ಕಟ್ಟಿದಾಗ ಅದು ಪೂರ್ತಿಯಾಗಿ ಇಟಲಿಯದು. ಹಿಮನದಿ ಕರಗಿ ನೀರಿಬ್ಬಾಗದ ರೇಖೆ ಸರಿದಂತೆ ಗಡಿಯೂ ಸರಿದು, ಬಿಡಾರದ ಹೆಚ್ಚಿನ ಭಾಗ ಸ್ವಿಟ್ಜರ್ಲೆಂಡಿಗೆ ಸೇರಿಹೋಯಿತು. ಮಲಗಿದವರು ಮಲಗಿದ್ದಂತೆಯೇ ದೇಶ ಬದಲಾಯಿತು! ಕೊನೆಗೆ ಎರಡು ಸರಕಾರಗಳೂ ಕುಳಿತು ಮಾತಾಡಿ, ಮನೆ ಇಟಲಿಯದೇ ಇರಲೆಂದು ರೇಖೆಯನ್ನು ತಿದ್ದಲು ಒಪ್ಪಿದವು. 2024ರಲ್ಲಿ ಸ್ವಿಸ್ ಸರಕಾರ ಒಪ್ಪಂದಕ್ಕೆ ಅನುಮೋದನೆ ಕೊಟ್ಟಿತು.

ಹಾಗೆಂದು ಬೆಟ್ಟದ ಸ್ನೇಹ ಅಲ್ಲಿ ಕೆಳಗಿಳಿದ ಮೇಲೂ ಬಾಡುವುದಿಲ್ಲವೆಂದಲ್ಲ. 1865ರ ಜುಲೈ 14ರಂದು ಏಳು ಜನ ಮೊತ್ತಮೊದಲಿಗೆ ಮ್ಯಾಟರ್‌ಹಾರ್ನ್ ಶಿಖರವನ್ನು ಏರಿದರು. ಇಳಿಯುವಾಗ ಒಬ್ಬ ಜಾರಿದ, ಹಗ್ಗ ತುಂಡಾಯಿತು, ನಾಲ್ವರು ಹೋದರು. ಉಳಿದವರು ಆಂಗ್ಲನಾದ ವ್ಹಿಂಪರ್ ಮತ್ತು ಟೌಗ್‌ವಾಲ್ಡರ್ ಎಂಬ ಮಾರ್ಗದರ್ಶಿ ತಂದೆಮಕ್ಕಳು. ಆ ತುಂಡಿನ ಈಚೆಗೆ ಒಂದೇ ಹಗ್ಗದಲ್ಲಿ ನಡುಗುತ್ತ ನಿಂತಿದ್ದ ಈ ಮೂವರು ಊರು ಸೇರಿದ ಮೇಲೆ ಸ್ನೇಹಿತರಾಗಿ ಉಳಿಯಲಿಲ್ಲ. ಮುದುಕ ಹಗ್ಗವನ್ನು ಕತ್ತರಿಸಿದನೆಂಬ ಗುಲ್ಲು ಹುಟ್ಟಿತು. ವಿಚಾರಣೆಯಲ್ಲಿ ಅವನು ನಿರ್ದೋಷಿಯೆಂದಾದರೂ ಗುಲ್ಲು ಅವನನ್ನು ಬಿಡಲಿಲ್ಲ. ತುಂಡಾದ ಆ ಹಗ್ಗ ಜೆರ್ಮಾಟ್‌ನ ವಸ್ತುಸಂಗ್ರಹಾಲಯದಲ್ಲಿದೆ.

ಇನ್ನು ನನ್ನ ಕಥೆ. ಕಳೆದ ಆಗಸ್ಟಿನಲ್ಲಿ ಮಹಿಪಾಳಗಡದಿಂದ ಇಳಿಯುವಾಗ ಪಾಚಿ ಹಿಡಿದ ಕಲ್ಲಿನ ಮೇಲೆ ನನ್ನ ಕಾಲು ಉಳುಕಿತು. ನಮ್ಮ ಸೀಮೆಯ ಮಳೆಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಹತ್ತು ಮಾರು ಆಚೆಗೆ ಏನೂ ಕಾಣದು. ಅವನು ತನ್ನ ಟವೆಲ್ಲನ್ನು ಹರಿದು ನನ್ನ ಹರಡಿಗೆ ಬಿಗಿದ. ನನ್ನ ತೋಳನ್ನು ತನ್ನ ಕೊರಳಿಗೆ ಹಾಕಿಕೊಂಡ. ಅಲ್ಲಿಂದ ಎರಡು ಗಂಟೆಗಳ ಕಾಲ, ನನ್ನ ಬೂಟನ್ನೂ ನನ್ನ ಎಂ. ಎ. ಪದವಿಯನ್ನೂ ಎರಡು ಭಾಷೆಗಳಲ್ಲಿ ಬೈಯುತ್ತ, ನನ್ನ ಅರ್ಧ ಭಾರವನ್ನು ಹೊತ್ತು ನಡೆದ. ಶಿನೋಳಿಯಲ್ಲಿ ಬಸ್ಸು ಬಂತು. "ನಿಧಾನವಾಗಿ ಹತ್ತಿರಿ, ಸರ್" ಎಂದರು.

ಬಳಿಕ ನವೆಂಬರ್ 1 ಬಂತು. 1956ರಲ್ಲಿ ಆ ದಿನ ಬೆಳಗಾವಿ ಮುಂಬಯಿ ರಾಜ್ಯವನ್ನು ಬಿಟ್ಟು ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. ನಮ್ಮ ಊರಿನಲ್ಲಿ ಅದು ಒಂದು ಮನೆಗೆ ರಾಜ್ಯೋತ್ಸವ, ಇನ್ನೊಂದು ಮನೆಗೆ ಕರಾಳ ದಿನ. ಮಹಾಜನ ಆಯೋಗದ ವರದಿ 1967ರಲ್ಲಿ ಬಂತು. 2004ರಲ್ಲಿ ದಾವೆ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಅವುಗಳ ವಿಮರ್ಶೆ ಈ ಪುಟದ ಕೆಲಸವಲ್ಲ. ನಾನು ಹಳದಿ ಕೆಂಪಿನ ಶಾಲು ಹೊದ್ದು ವಿದ್ಯಾರ್ಥಿಗಳೊಡನೆ ಮೆರವಣಿಗೆಯಲ್ಲಿದ್ದೆ. ಅವರು ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡು ರಸ್ತೆಯ ಅಂಚಿನಲ್ಲಿದ್ದರು. ಮೊದಲು ನೋಡಿದವನು ನಾನು. ಮೊದಲು ಮುಖ ತಿರುಗಿಸಿದವನೂ ನಾನೇ. ಯಾರು ನೋಡುತ್ತಿದ್ದಾರೆ ಎಂಬ ಭಯವೇ ಹೊರತು ಅದಕ್ಕೆ ಬೇರೆ ಕಾರಣವಿರಲಿಲ್ಲ.

ಸಂಜೆ ಕನ್ನಡ ಪಾಠಕ್ಕೆ ನಮ್ಮ ಮನೆಗೆ ಬರುತ್ತಿದ್ದ ಅವರ ಮಗಳು ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಗೇಟಿನ ಬಳಿ ಎದುರಾದರೆ ನಾವಿಬ್ಬರೂ ಹವೆಯ ಕುರಿತು ಶುದ್ಧವಾದ ಬಹುವಚನದಲ್ಲಿ ಮಾತಾಡುತ್ತಿದ್ದೆವು. ನಾಲ್ಕು ಭಾನುವಾರಗಳು ಕಳೆದವು. ಕಾಲು ಇನ್ನೂ ಪೂರ್ತಿ ಗುಣವಾಗಿಲ್ಲವೆಂದು ನಾನು ಮನೆಯಲ್ಲಿ ಹೇಳುತ್ತಿದ್ದೆ.

ಐದನೆಯ ಭಾನುವಾರ, ಇನ್ನೂ ಕತ್ತಲೆ. ನಮ್ಮ ಗೇಟಿನ ಚಿಲಕ ಸದ್ದಾಯಿತು. ಓಣಿಗೆಲ್ಲ ಕೇಳುವಂತೆ, ಕನ್ನಡದಲ್ಲಿ, ಒಂದು ದನಿ ಕೂಗಿತು:

"ಇನ್ನೂ ಎದ್ದಿಲ್ಲವೇನೋ? ಬಸ್ಸು ಹೋಗುತ್ತದೆ!"

ನನ್ನ ಹೆಂಡತಿ ಗಾಬರಿಯಿಂದ ಎದ್ದು ಕುಳಿತಳು. "ಯಾರ್ರೀ ಅದು, ನಿಮ್ಮನ್ನು ಹೀಗೆ ಕೂಗುವವರು?"

ಎಡಗಾಲಿನ ಬೂಟು ಮಂಚದ ಕೆಳಗೆ ಎಲ್ಲೋ ಸರಿದುಹೋಗಿತ್ತು. ಅದನ್ನು ತಡಕುತ್ತ ಅಲ್ಲಿಂದಲೇ ಕೂಗಿದೆ:

"ಬಂದೆ, ನಿಲ್ಲೋ!"